ಮುಂಬೈನಲ್ಲಿ ಮನೆಗೆ ಅತಿ ಜಾಸ್ತಿ ಬೆಲೆ ಇರುವ ಏರಿಯಾ ಯಾವುದು? ಬಾಂದ್ರಾ, ಜುಹುಗಳೇ ಮೊದಲಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಮುಂಬೈನ ಅತಿ ದುಬಾರಿ ಏರಿಯಾ ಯಾವುದು, ಎಲ್ಲರೂ ಹೇಳುವ ಹಾಗೆ ಬಾಂದ್ರಾ, ಜುಹುಗಳೇನಾ ಅನ್ನುವುದು ಒಂದು. ನಿಮ್ಮ ತಮ್ಮನಿಗೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ, ಅಂದರೆ ಬಿಕೆಸಿಯಲ್ಲಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ನೋಡಬೇಕು ಅನ್ನುವುದು ಇನ್ನೊಂದು. ನಾನು ಮುಂಬೈನಲ್ಲೇ ಇದ್ದೇನೆ. ಬ್ಯಾಂಕಿನಲ್ಲಿ ಮನೆ ಸಾಲದ ಕಾಗದಪತ್ರ ನೋಡುವುದೇ ನನ್ನ ಕೆಲಸ. ಹಾಗಾಗಿ ಎರಡಕ್ಕೂ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಮುಂಬೈನ ಅತಿ ಹೆಚ್ಚಿನ ಬೆಲೆ ಬಾಂದ್ರಾದಲ್ಲೂ ಇಲ್ಲ, ಜುಹುವಿನಲ್ಲೂ ಇಲ್ಲ. ಅದು ಇಲ್ಲಿನವರು ಟೌನ್ ಅಂತ ಕರೆಯುವ ದಕ್ಷಿಣ ಮುಂಬೈನಲ್ಲಿದೆ. ಮಲಬಾರ್ ಹಿಲ್, ಆಲ್ಟಮೌಂಟ್ ರೋಡ್, ಕಾರ್ಮೈಕಲ್ ರೋಡ್, ನೇಪಿಯನ್ ಸೀ ರೋಡ್, ಬ್ರೀಚ್ ಕ್ಯಾಂಡಿ. ಇವೆಲ್ಲ ಒಂದರ ಪಕ್ಕ ಒಂದು ಇರುವ ಜಾಗಗಳು. ಇತ್ತೀಚೆಗೆ ವರ್ಲಿ ಕೂಡ ಈ ಸಾಲಿಗೆ ಸೇರಿದೆ. ಉಪನಗರ ಮಾತ್ರ ಲೆಕ್ಕಕ್ಕೆ ತಗೊಂಡರೆ ಬಾಂದ್ರಾ ವೆಸ್ಟ್ ಮೊದಲು. ಅದರೊಳಗೂ ಪಾಲಿ ಹಿಲ್ ಮತ್ತು ಬ್ಯಾಂಡ್‌ಸ್ಟ್ಯಾಂಡ್. ಆಮೇಲೆ ಜುಹು, ಖಾರ್ ವೆಸ್ಟ್, ಸಾಂತಾಕ್ರೂಜ್ ವೆಸ್ಟ್. ಸಿನಿಮಾದವರು ಬಾಂದ್ರಾ, ಜುಹುವಿನಲ್ಲಿ ಇರುವುದರಿಂದ ಹೊರಗಿನವರ ಕಿವಿಗೆ ಆ ಹೆಸರುಗಳೇ ಬೀಳುತ್ತವೆ. ಹಳೆಯ ಉದ್ಯಮಿ ಮನೆತನಗಳು ಬಹಳಷ್ಟು ಇವತ್ತಿಗೂ ಟೌನ್‌ನಲ್ಲೇ ಇವೆ.

ಮಲಬಾರ್ ಹಿಲ್‌ಗೆ ಯಾಕೆ ಇಷ್ಟು ಬೆಲೆ ಅಂತ ಗೊತ್ತಾಗಬೇಕಾದರೆ ಒಮ್ಮೆ ಅಲ್ಲಿ ನಡೆದು ನೋಡಬೇಕು. ಅದೊಂದು ಗುಡ್ಡ. ಒಂದು ಕಡೆ ಮರೀನ್ ಡ್ರೈವ್‌ನ ಕೊಲ್ಲಿ, ಇನ್ನೊಂದು ಕಡೆ ತೆರೆದ ಅರಬ್ಬಿ ಸಮುದ್ರ. ತುದಿಯಲ್ಲಿ ರಾಜಭವನ. ಮುಖ್ಯಮಂತ್ರಿಗಳ ಅಧಿಕೃತ ಮನೆ ‘ವರ್ಷಾ’ ಕೂಡ ಇಲ್ಲೇ ಇದೆ. ಹ್ಯಾಂಗಿಂಗ್ ಗಾರ್ಡನ್ ಇರುವುದು ಊರಿಗೆ ನೀರು ಕೊಡುವ ಜಲಾಶಯದ ಮೇಲೆ. ಪಾರ್ಸಿಗಳು ತೀರಿಕೊಂಡವರ ಅಂತ್ಯಕ್ರಿಯೆ ಮಾಡುವ, ಮರಗಳಿರುವ ದೋಂಗರ್‌ವಾಡಿಯೂ ಈ ಗುಡ್ಡದ ಮೇಲೇ. ಕೆಳಗೆ ವಾಲ್ಕೇಶ್ವರದಲ್ಲಿ ಬಾಣಗಂಗಾ ಕೆರೆ, ಅದರ ಸುತ್ತ ಹಳೆಯ ಗುಡಿಗಳು. ಅಂದರೆ ಗುಡ್ಡದ ದೊಡ್ಡ ಭಾಗ ಯಾವತ್ತೂ ಮಾರಾಟಕ್ಕೆ ಬರುವುದೇ ಇಲ್ಲ. ಉಳಿದ ನೆಲದಲ್ಲಿ ಯಾವುದಾದರೂ ಹಳೆಯ ಬಂಗಲೆ ಮಾರಾಟಕ್ಕೆ ಬಂದರೆ ಅದೇ ದೊಡ್ಡ ಸುದ್ದಿ.

ವಿಜ್ಞಾನಿ ಹೋಮಿ ಭಾಭಾ ಅವರ ಮನೆ ‘ಮೆಹರಂಗೀರ್’ 2014ರಲ್ಲಿ 372 ಕೋಟಿಗೆ ಹರಾಜಾಯಿತು. ಅದನ್ನು ಸ್ಮಾರಕವಾಗಿ ಉಳಿಸಿ ಅಂತ ಅಣುಶಕ್ತಿ ವಿಜ್ಞಾನಿಗಳು ಕೇಳಿಕೊಂಡರು. ಉಳಿಯಲಿಲ್ಲ. 2016ರಲ್ಲಿ ಕೆಡವಿದರು. ಆ ಮನೆ ಉಳಿಯಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. 2015ರಲ್ಲಿ ಕುಮಾರ ಮಂಗಲಂ ಬಿರ್ಲಾ ‘ಜಟಿಯಾ ಹೌಸ್’ ಅನ್ನು 425 ಕೋಟಿಗೆ ಕೊಂಡರು. 2021ರಲ್ಲಿ ಡಿ-ಮಾರ್ಟ್‌ನ ರಾಧಾಕಿಶನ್ ದಮಾನಿ ಇಲ್ಲಿನ ಒಂದು ಬಂಗಲೆಗೆ 1,001 ಕೋಟಿ ಕೊಟ್ಟರು. ಈ ವ್ಯವಹಾರಗಳಲ್ಲಿ ಗೋಡೆ, ಮಾಳಿಗೆಗೆ ಲೆಕ್ಕವೇ ಇಲ್ಲ. ಇಷ್ಟೂ ಹಣ ನೆಲಕ್ಕೆ.

ವರ್ಲಿಯ ಕಥೆ ಬೇರೆ. ವರ್ಲಿ, ಲೋವರ್ ಪರೇಲ್‌ನ ಬಹುಭಾಗ ಮೂವತ್ತು ನಲವತ್ತು ವರ್ಷದ ಹಿಂದೆ ಶ್ರೀಮಂತರ ಏರಿಯಾ ಆಗಿರಲಿಲ್ಲ. ಈ ಭಾಗಕ್ಕೆ ಗಿರಣ್‌ಗಾಂವ್ ಅಂತ ಹೆಸರು. ಬಟ್ಟೆ ಗಿರಣಿ, ಕಾರ್ಮಿಕರು ಒಂದೊಂದು ಕೋಣೆಯಲ್ಲಿ ಇರುತ್ತಿದ್ದ ಚಾಳ್, ಬಹುಪಾಲು ಇವೇ ಇದ್ದದ್ದು. 1982ರಲ್ಲಿ ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ದೊಡ್ಡ ಮುಷ್ಕರ ಆಯಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಹೋದವರಿಗೆ ಆ ನೆಲದಲ್ಲಿ ಸಿಕ್ಕಿದ್ದು ತೀರಾ ಕಡಿಮೆ. ಗಿರಣಿ ಜಾಗದಲ್ಲಿ ಗಾಜಿನ ಟವರ್‌ಗಳು ಎದ್ದವು. 2009ರಲ್ಲಿ ಬಾಂದ್ರಾ–ವರ್ಲಿ ಸೀ ಲಿಂಕ್ ಬಂತು, 2024ರಲ್ಲಿ ಕೋಸ್ಟಲ್ ರೋಡ್ ಬಂತು. ವರ್ಲಿಯಿಂದ ಮರೀನ್ ಡ್ರೈವ್‌ಗೆ ಈಗ ಸಿಗ್ನಲ್ ಇಲ್ಲದ ದಾರಿ. ಫ್ಲಾಟ್‌ಗಳ ಚದರ ಅಡಿ ಬೆಲೆ ಮಲಬಾರ್ ಹಿಲ್ ಅನ್ನೂ ಮೀರಿದ್ದು ಇಲ್ಲಿಯೇ. 2025ರಲ್ಲಿ ಔಷಧ ಕಂಪನಿಯೊಂದರ ಮುಖ್ಯಸ್ಥೆ ಸಮುದ್ರದ ಎದುರಿನ ಎರಡು ಡ್ಯೂಪ್ಲೆಕ್ಸ್‌ಗಳನ್ನು 639 ಕೋಟಿಗೆ ಕೊಂಡರು. ಸುಮಾರು 22,500 ಚದರ ಅಡಿ. ಅಂದರೆ ಚದರ ಅಡಿಗೆ 2.8 ಲಕ್ಷದಷ್ಟು.

ಆ ಟವರ್‌ಗಳಿಂದ ಸ್ವಲ್ಪವೇ ದೂರದಲ್ಲಿ ವರ್ಲಿ ಕೋಳಿವಾಡ ಇದೆ. ಹಿಂದೆ ದ್ವೀಪಗಳಾಗಿದ್ದ ಮುಂಬೈನ ಮೂಲ ನಿವಾಸಿಗಳಾದ ಕೋಳಿ ಮೀನುಗಾರರ ಕೇರಿ. ನಗರದ ಬಗ್ಗೆ ಕೇಳುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ‘ಸೀ ವ್ಯೂ’ಗೆ ಕೋಟಿ ಕೊಡುವವರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಆ ಸಮುದ್ರವನ್ನು ನಂಬಿ ಬದುಕಿದವರು ಅವರು.

ಇನ್ನು ಯಾಕೆ ಇಷ್ಟು ಬೆಲೆ ಅನ್ನುವ ಪ್ರಶ್ನೆ. ಜನ ಜಾಸ್ತಿ, ಜಾಗ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ ಅಷ್ಟೆ. ಟೌನ್ ಮೂರು ಕಡೆ ನೀರಿರುವ ಕಿರಿದಾದ ನೆಲ, ನಿಜ. ಉಪನಗರದ ಮಧ್ಯೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೇ ನೂರು ಚದರ ಕಿಲೋಮೀಟರ್‌ಗೂ ಮೇಲಿದೆ, ಅಲ್ಲಿ ಕಟ್ಟುವ ಹಾಗಿಲ್ಲ. ಆದರೆ ಉಳಿದ ನೆಲವನ್ನು ಕಾನೂನುಗಳು ಇನ್ನಷ್ಟು ಬಿಗಿ ಮಾಡಿದವು. ನನ್ನ ಮೇಜಿಗೆ ಬರುವ ಫೈಲ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಒಂದು ನಿವೇಶನದ ಮೇಲೆ ಎಷ್ಟು ಚದರ ಅಡಿ ಕಟ್ಟಬಹುದು ಅನ್ನುವ ಲೆಕ್ಕಕ್ಕೆ ಎಫ್‌ಎಸ್‌ಐ ಅನ್ನುತ್ತಾರೆ. 1991ರ ನಿಯಮದಲ್ಲಿ ಇದು ಟೌನ್‌ನಲ್ಲಿ 1.33, ಉಪನಗರದಲ್ಲಿ 1 ಇತ್ತು. ಸಾವಿರ ಚದರ ಅಡಿ ನೆಲ ಇದ್ದರೆ ಉಪನಗರದಲ್ಲಿ ಕಟ್ಟಬಹುದಾದದ್ದು ಸಾವಿರ ಮಾತ್ರ. ಇಷ್ಟು ದೊಡ್ಡ ಊರಿಗೆ ಇದು ತೀರಾ ಕಡಿಮೆ. ಅದಕ್ಕೂ ಮೊದಲು 1976ರ ನಗರ ಭೂಮಿತಿ ಕಾಯ್ದೆ ಬಂದಿತ್ತು. ಮುಂಬೈನಲ್ಲಿ ಒಬ್ಬರು 500 ಚದರ ಮೀಟರ್‌ಗಿಂತ ಜಾಸ್ತಿ ಖಾಲಿ ನೆಲ ಇಟ್ಟುಕೊಳ್ಳುವ ಹಾಗಿರಲಿಲ್ಲ. ಬಡವರಿಗೆ ಮನೆ ಸಿಗಲಿ ಅನ್ನುವುದು ಉದ್ದೇಶ. ಆದದ್ದು ಉಲ್ಟಾ. ಮಾಲೀಕರು ಕೋರ್ಟಿಗೆ ಹೋದರು, ನೆಲ ವರ್ಷಗಟ್ಟಲೆ ಹಾಗೇ ಬಿತ್ತು. ಮಹಾರಾಷ್ಟ್ರ ಅದನ್ನು ರದ್ದು ಮಾಡಿದ್ದು 2007ರಲ್ಲಿ.

ಬಾಡಿಗೆ ಕಾಯ್ದೆಯದ್ದು ಇನ್ನೂ ಹಳೆಯ ಕಥೆ. 1947ರ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ನಿಲ್ಲಿಸಿತು. ಕೋಟಿ ಬೆಲೆಯ ಬೀದಿಯಲ್ಲೇ ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆ ಕೊಡುವ ಪಗಡಿ ಮನೆಗಳು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ ಹಿಡಿದ ಮನೆಗಳು, ಈಗಲೂ ಇವೆ. ಅಷ್ಟು ಬಾಡಿಗೆಯಲ್ಲಿ ಮಾಲೀಕ ರಿಪೇರಿ ಮಾಡಿಸುವುದಿಲ್ಲ. ಬಾಡಿಗೆದಾರ ಬಿಟ್ಟು ಹೋಗುವುದಿಲ್ಲ. ಪ್ರತಿ ಮಳೆಗಾಲದಲ್ಲಿ ಟೌನ್‌ನ ಹಳೆಯ ಕಟ್ಟಡ ಕುಸಿದ ಸುದ್ದಿ ಓದುತ್ತೀರಲ್ಲ, ಅದರ ಬೇರು ಬಹುಪಾಲು ಇಲ್ಲಿದೆ. ನಿಯಮಗಳನ್ನು ಈಗ ಸಾಕಷ್ಟು ಸಡಿಲಿಸಿದ್ದಾರೆ, ಹಳೆಯ ಕಟ್ಟಡ ಕೆಡವಿ ಎತ್ತರಕ್ಕೆ ಕಟ್ಟುವುದು ಎಲ್ಲೆಲ್ಲೂ ನಡೆದಿದೆ. ಆದರೂ ಹತ್ತಾರು ವರ್ಷ ಕಟ್ಟದೇ ಬಿಟ್ಟ ಮನೆಗಳ ಕೊರತೆ ಬೇಗ ತುಂಬುವಂಥದ್ದಲ್ಲ.

ಉಪನಗರಕ್ಕೆ ಬರೋಣ. ಬಾಂದ್ರಾ ವೆಸ್ಟ್ ನನಗೆ ತುಂಬಾ ಇಷ್ಟವಾದ ಏರಿಯಾ. ಅಲ್ಲಿ ರಣವಾರ್, ಚಿಂಬಾಯಿಯಂಥ ಹಳೆಯ ಹಳ್ಳಿಗಳು ಇನ್ನೂ ಉಳಿದಿವೆ. ಈಸ್ಟ್ ಇಂಡಿಯನ್ ಅಂತ ಕರೆಸಿಕೊಳ್ಳುವ ಇಲ್ಲಿನ ಮೂಲದ ಕ್ರೈಸ್ತರ ಮರದ ಮೆಟ್ಟಿಲಿನ ಮನೆಗಳು, ಓಣಿಗಳಲ್ಲಿ ಶಿಲುಬೆಗಳು, ಸೆಪ್ಟೆಂಬರ್‌ನಲ್ಲಿ ಮೌಂಟ್ ಮೇರಿ ಜಾತ್ರೆ. ಅದೇ ಬಾಂದ್ರಾದಲ್ಲಿ ಶಾರುಖ್ ಖಾನ್ ಅವರ ‘ಮನ್ನತ್’ ಮುಂದೆ ಫೋಟೋ ತೆಗೆಸಿಕೊಳ್ಳುವ ಗುಂಪು ದಿನವೂ ಇರುತ್ತದೆ. ಪಾಲಿ ಹಿಲ್‌ನಲ್ಲಿ ಬಂಗಲೆಗಳು ಹೋಗಿ ಮಹಡಿಗೊಂದೇ ಮನೆ ಇರುವ ಕಟ್ಟಡಗಳು ಬಂದಿವೆ. ಇಲ್ಲಿಂದ ಬಿಕೆಸಿ ಹತ್ತಿರ, ಏರ್‌ಪೋರ್ಟ್ ಹತ್ತಿರ, ಸೀ ಲಿಂಕ್ ಹತ್ತಿದರೆ ವರ್ಲಿ. ದುಡಿಯುವ ವಯಸ್ಸಿನ ಶ್ರೀಮಂತರಿಗೆ ಮಲಬಾರ್ ಹಿಲ್‌ಗಿಂತ ಬಾಂದ್ರಾನೇ ಅನುಕೂಲ.

ಜುಹು ಅಷ್ಟು ಎತ್ತರಕ್ಕೆ ಬೆಳೆದಿಲ್ಲ, ಅದಕ್ಕೆ ಕಾರಣ ಇದೆ. 1928ರಲ್ಲಿ ಶುರುವಾದ ಜುಹು ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ಕಟ್ಟಡದ ಎತ್ತರಕ್ಕೆ ಮಿತಿ ಉಂಟು. ಕಡಲ ತೀರದ ಬಳಿ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ ನಿಯಮ 1991ರಿಂದ ಇನ್ನೊಂದು ತಡೆ. ಜುಹುವಿನ ಜೆವಿಪಿಡಿ ಸ್ಕೀಮ್ ಅನ್ನುವ ಬಡಾವಣೆಯಲ್ಲಿ ಬಂಗಲೆಗಳು, ಮರಗಳು, ಅಗಲ ರಸ್ತೆಗಳು ಉಳಿದಿರುವುದು ಬಹಳಮಟ್ಟಿಗೆ ಇದರಿಂದಲೇ. ಖಾರ್, ಸಾಂತಾಕ್ರೂಜ್ ವೆಸ್ಟ್ ಬಾಂದ್ರಾ, ಜುಹುಗಳ ಮಧ್ಯೆ ಬರುತ್ತವೆ. ಹೆಸರಿನ ಹೊಳಪು ಕಡಿಮೆ, ವಾಸಕ್ಕೆ ಚೆನ್ನ.

ಇಷ್ಟು ಓದಿ ದುಬಾರಿ ಏರಿಯಾ ಅಂದರೆ ಒಳ್ಳೆಯ ಮನೆ ಅಂತ ತಿಳಿಯಬೇಡಿ. ನಾನು ಒತ್ತಿ ಹೇಳಬೇಕಾದದ್ದು ಇದೇ. ಸಾವಿರ ಚದರ ಅಡಿಗೆ ಅಡಿಗೊಂದು ಲಕ್ಷ ಹಿಡಿದರೂ ಹತ್ತು ಕೋಟಿ. ಮುಂಬೈನಲ್ಲಿ ಸ್ಟಾಂಪ್ ಡ್ಯೂಟಿ 6 ಪರ್ಸೆಂಟ್, ಅದೇ 60 ಲಕ್ಷ. ಮನೆ ಹೆಂಗಸರ ಹೆಸರಿನಲ್ಲಿ ಮಾತ್ರ ಇದ್ದರೆ 1 ಪರ್ಸೆಂಟ್ ಕಡಿಮೆ. ಇಷ್ಟು ಕೊಟ್ಟು ಜನ ಬಿಸಿಲು ಬೀಳದ ಅಡುಗೆಮನೆ, ಪಾರ್ಕಿಂಗ್ ಇಲ್ಲದ ಸೊಸೈಟಿ, ಪದೇಪದೇ ನಿಲ್ಲುವ ಲಿಫ್ಟ್ ಕೊಂಡದ್ದನ್ನು ನೋಡಿದ್ದೇನೆ. ಒಂದೇ ಬೀದಿಯಲ್ಲಿ ಸಮುದ್ರ ಕಾಣುವ ಮನೆಗೂ ಹಿಂದಿನ ಕಟ್ಟಡದ ಪೈಪ್ ಕಾಣುವ ಮನೆಗೂ ಅಜಗಜಾಂತರ. ಜಾಹೀರಾತು ಎರಡಕ್ಕೂ ಒಂದೇ ಏರಿಯಾ ಹೆಸರು ಹಾಕುತ್ತದೆ.

ಆದ್ದರಿಂದ ನಾನು ಯಾರಿಗಾದರೂ ಹೇಳುವುದು, ಏರಿಯಾ ಆಮೇಲೆ, ಮೊದಲು ಕಟ್ಟಡ ನೋಡಿ. ಒಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪಾಲಿಕೆಯ ಪತ್ರ ಸಿಕ್ಕಿದೆಯಾ ಕೇಳಿ. ನೆಲ ಸೊಸೈಟಿ, ಅಂದರೆ ಕಟ್ಟಡದ ಮನೆ ಮಾಲೀಕರ ಸಂಘದ ಹೆಸರಿಗೆ ಆಗಿದೆಯಾ, ಇನ್ನೂ ಬಿಲ್ಡರ್ ಹೆಸರಲ್ಲೇ ಇದೆಯಾ ನೋಡಿ. ಹೇಳುತ್ತಿರುವ ಅಳತೆ ಮನೆಯೊಳಗಿನ ಜಾಗದ ಕಾರ್ಪೆಟ್ಟಾ, ಗೋಡೆಗಳನ್ನೂ ಸೇರಿಸಿದ ಬಿಲ್ಟ್‌ಅಪ್ಪಾ? 2017ರಿಂದ ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಹೊಸ ಮನೆಗಳನ್ನು ಕಾರ್ಪೆಟ್ ಲೆಕ್ಕದಲ್ಲೇ ಮಾರಬೇಕು. ಹಳೆಯ ಮನೆ ಮಾರುವಾಗ ಬ್ರೋಕರ್‌ಗಳು ಇನ್ನೂ ದೊಡ್ಡ ಅಂಕಿಯನ್ನೇ ಹೇಳುತ್ತಾರೆ.

ಈಗ ನಿಮ್ಮ ತಮ್ಮನ ವಿಷಯ. ಬಿಕೆಸಿ ಹೆಸರಲ್ಲಿ ಬಾಂದ್ರಾ ಇದೆ ಅಂತ ಬಾಂದ್ರಾ ವೆಸ್ಟ್‌ನಲ್ಲೇ ಮನೆ ಹುಡುಕುವುದು ಬೇಡ. ಬಿಕೆಸಿ ಇರುವುದು ರೈಲು ಹಳಿಯ ಪೂರ್ವಕ್ಕೆ, ಮೀಠಿ ನದಿಯ ಪಕ್ಕ. ಸಾಂತಾಕ್ರೂಜ್ ಈಸ್ಟ್‌ನ ಕಲೀನಾ, ವಾಕೋಲಾ ಹತ್ತಿರ ಆಗುತ್ತವೆ, ಬಾಡಿಗೆಯೂ ವೆಸ್ಟ್‌ಗಿಂತ ಕಡಿಮೆ. 2019ರಲ್ಲಿ ಚುನಾಭಟ್ಟಿ–ಬಿಕೆಸಿ ಫ್ಲೈಓವರ್ ಬಂದ ಮೇಲೆ ಚುನಾಭಟ್ಟಿ, ಸಾಯನ್ ಕಡೆಯಿಂದ ಹೋಗುವುದು ಸುಲಭವಾಗಿದೆ. ಮಾಟುಂಗಾದಲ್ಲಿ ದಕ್ಷಿಣದವರು ತಲೆಮಾರುಗಳಿಂದ ಇದ್ದಾರೆ, ನಮ್ಮ ಊಟ, ಗುಡಿ, ಹೂವು ಎಲ್ಲಾ ಸಿಗುತ್ತದೆ. ಆದರೆ ಅಲ್ಲಿ ಬಾಡಿಗೆ ಕಮ್ಮಿ ಏನಲ್ಲ. ನನ್ನನ್ನು ಕೇಳಿದರೆ ಮರೋಳ್ ಕಡೆಯನ್ನೂ ನೋಡಲಿ. ಮೂರನೇ ಲೈನಿನ ಮೆಟ್ರೋ 2024ರ ಅಕ್ಟೋಬರ್‌ನಿಂದ ಆರೆಯಿಂದ ಬಿಕೆಸಿಗೆ ಓಡುತ್ತಿದೆ, ಮರೋಳ್ ನಾಕಾ ಅದೇ ದಾರಿಯಲ್ಲಿ ಬರುತ್ತದೆ. ಲೋಕಲ್ ರೈಲಿನ ನೂಕುನುಗ್ಗಲು, ರಸ್ತೆ ಟ್ರಾಫಿಕ್ ಎರಡೂ ತಪ್ಪುತ್ತವೆ.

ಒಂದು ಎಚ್ಚರಿಕೆ. ಕಲೀನಾ, ಕುರ್ಲಾ ಕಡೆ ನೆಲಮಹಡಿ ಮನೆ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು, ಮೀಠಿ ಉಕ್ಕಿ ಈ ಭಾಗಗಳು ಮುಳುಗಿದವು. ಅಷ್ಟು ದೊಡ್ಡದು ಮತ್ತೆ ಆಗದಿದ್ದರೂ ಜೋರು ಮಳೆಗೆ ನೀರು ನಿಲ್ಲುವ ಬೀದಿಗಳು ಈಗಲೂ ಇವೆ. ವಾಚ್‌ಮನ್‌ನನ್ನೋ ಪಕ್ಕದ ಅಂಗಡಿಯವರನ್ನೋ ಕೇಳಿದರೆ ನೀರು ಎಲ್ಲಿವರೆಗೆ ಬರುತ್ತದೆ ಅಂತ ನಿಜ ಹೇಳುತ್ತಾರೆ. ಬ್ರೋಕರ್ ಹೇಳುವುದಿಲ್ಲ.

ಬಾಡಿಗೆ ಕರಾರಿಗೆ ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ. 11 ತಿಂಗಳದ್ದಾದರೂ ಮಹಾರಾಷ್ಟ್ರದಲ್ಲಿ ಅದನ್ನು ರಿಜಿಸ್ಟರ್ ಮಾಡಿಸಲೇಬೇಕು, ಮಾಡಿಸುವ ಜವಾಬ್ದಾರಿ ಮಾಲೀಕರದ್ದು. ಸುಮ್ನೆ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿ ಕೀ ತಗೊಳ್ಳಿ ಅಂದರೆ ಒಪ್ಪಬೇಡಿ. ರಿಜಿಸ್ಟರ್ ಆಗದಿದ್ದರೆ, ಜಗಳ ಬಂದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ಕಾನೂನು ಮೊದಲು ನಂಬುತ್ತದೆ, ಆದ್ದರಿಂದ ಬುದ್ಧಿವಂತ ಮಾಲೀಕರು ತಾವೇ ಮುಂದೆ ನಿಂತು ಮಾಡಿಸುತ್ತಾರೆ. ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೊಡಬೇಕಾಗುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಸೊಸೈಟಿ ಸೆಕ್ರೆಟರಿಯನ್ನು ಒಮ್ಮೆ ಭೇಟಿ ಮಾಡಲಿ. ಮದುವೆಯಾಗದ ಹುಡುಗರಿಗೆ ಕೊಡುವುದಿಲ್ಲ, ಮಾಂಸ ಬೇಯಿಸುವ ಹಾಗಿಲ್ಲ ಅಂತ ಕೆಲವು ಸೊಸೈಟಿಯವರು ಗೇಟಿನಲ್ಲೇ ತಡೆಯುತ್ತಾರೆ. ಇದು ಅನ್ಯಾಯವೇ. ಆದರೆ ಸಾಮಾನು ಗಾಡಿಯಲ್ಲಿ ತಂದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.