ಬೆಕ್ಕಿಗೆ ಶುಗರ್ ಬಂದರೆ ಜೀವನಪೂರ್ತಿ ಇನ್ಸುಲಿನ್ ಬೇಕಾ? ನಮ್ಮ ಗುಂಡನ ಕಥೆ

ನಿಮ್ಮ ಪ್ರಶ್ನೆ ಓದಿದೆ. ಒಂಬತ್ತು ವರ್ಷದ ಗಂಡು ಬೆಕ್ಕು, ಹೋದ ವಾರ ಶುಗರ್ ಇದೆ ಅಂತ ಗೊತ್ತಾಗಿದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು ಅಂದಿದ್ದಾರೆ. ಇದು ಜೀವನಪೂರ್ತಿನಾ, ಮುಂದೆ ನಿಲ್ಲಿಸೋಕೆ ಆಗುತ್ತಾ, ಆಫೀಸಿಗೆ ಹೋಗುವವರು ಹೇಗೆ ನಿಭಾಯಿಸಬೇಕು ಅಂತ ಕೇಳಿದ್ದೀರಿ. ಮನೆಯಲ್ಲಿ ಕೆಲವರು ದಯಾಮರಣದ ಮಾತು ಆಡುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರೋಕೆ ಆಗಲಿಲ್ಲ.

ನಿಲ್ಲಿಸೋಕೆ ಆಗುತ್ತೆ. ಎಲ್ಲ ಬೆಕ್ಕುಗಳಿಗೂ ಅಲ್ಲ, ಆದರೆ ತುಂಬಾ ಬೆಕ್ಕುಗಳಿಗೆ ಆಗುತ್ತೆ. ನಮ್ಮ ಗುಂಡನಿಗೆ 2022ರ ಮಾರ್ಚ್‌ನಲ್ಲಿ ಶುಗರ್ ಅಂತ ಗೊತ್ತಾಯಿತು. ಜೂನ್‌ನಲ್ಲಿ ಇನ್ಸುಲಿನ್ ನಿಂತಿತು. ಇವತ್ತಿನವರೆಗೂ ಮತ್ತೆ ಚುಚ್ಚುವ ಪ್ರಸಂಗ ಬಂದಿಲ್ಲ. ನಿಮ್ಮ ಬೆಕ್ಕಿಗೆ ಗೊತ್ತಾಗಿ ಬರೀ ಒಂದು ವಾರ ಆಗಿದೆ. ಅದೇ ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಗುಂಡ ಕೆಂಚು ಬಣ್ಣದ ಗಂಡು ಬೆಕ್ಕು. ಸಂತಾನಹರಣ ಆಪರೇಷನ್ ಆಗಿದೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಅಮ್ಮನ ಮುದ್ದಿನ ಮಗ. ಬೆಳಿಗ್ಗೆ ಹಾಲು ಅನ್ನ, ಮಧ್ಯಾಹ್ನ ಮೊಸರನ್ನ, ಮಿಕ್ಕ ಹೊತ್ತಿಗೆ ಬಟ್ಟಲು ತುಂಬಾ ಡ್ರೈ ಫುಡ್. ತೂಕ 7.2 ಕೆಜಿ ಇತ್ತು. ಆ ಫೆಬ್ರವರಿಯಲ್ಲಿ ಜಾಸ್ತಿ ನೀರು ಕುಡಿಯೋಕೆ ಶುರು ಮಾಡಿದ. ಬಿಸಿಲು ಏರುತ್ತಿದೆ, ಅದಕ್ಕೇ ಇರಬೇಕು ಅಂದುಕೊಂಡೆವು. ಟ್ರೇನಲ್ಲಿ ಮರಳು ಗಟ್ಟಿಯಾಗಿ ದೊಡ್ಡ ದೊಡ್ಡ ಉಂಡೆ ಆಗುತ್ತಿತ್ತು. ಚೆನ್ನಾಗಿ ತಿನ್ನುತ್ತಿದ್ದ, ಆದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಕೊನೆಗೆ ಒಂದು ದಿನ ಸೋಫಾ ಹತ್ತೋಕೆ ಹೋಗಿ ಜಾರಿಬಿದ್ದ. ನೋಡಿದರೆ ಹಿಂಗಾಲಿನ ಬೆರಳ ಮೇಲೆ ನಡೆಯುವ ಬದಲು ಹಿಮ್ಮಡಿ ಊರಿಕೊಂಡು ನಡೆಯುತ್ತಿದ್ದ. ಶುಗರ್ ಬಹಳ ದಿನ ಏರಿದ್ದರೆ ಕಾಲಿನ ನರಕ್ಕೆ ಹೀಗೆ ಪೆಟ್ಟು ಬೀಳುತ್ತೆ. ಅಷ್ಟರಲ್ಲಿ ತೂಕ 5.4ಕ್ಕೆ ಇಳಿದಿತ್ತು.

ಕ್ಲಿನಿಕ್‌ನಲ್ಲಿ ರಕ್ತದ ಶುಗರ್ 412 ಬಂತು. ಇಲ್ಲಿ ಒಂದು ವಿಷಯ. ಬೆಕ್ಕು ಹೆದರಿದರೂ ಅದರ ಶುಗರ್ 300 ದಾಟಬಹುದು. ಆಟೋದಲ್ಲಿ ಅರಚಿಕೊಂಡು ಬಂದ ಬೆಕ್ಕಿನ ಒಂದೇ ಒಂದು ರಕ್ತ ಪರೀಕ್ಷೆ ನಂಬುವ ಹಾಗಿಲ್ಲ. ಅದಕ್ಕೇ ಮೂತ್ರದಲ್ಲಿ ಶುಗರ್ ಇದೆಯಾ ಅಂತಲೂ ನೋಡಬೇಕು, ಫ್ರಕ್ಟೋಸಮೈನ್ ಅನ್ನುವ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕು. ಹಿಂದಿನ ಒಂದೆರಡು ವಾರ ಶುಗರ್ ಸರಾಸರಿ ಹೇಗಿತ್ತು ಅನ್ನೋದು ಅದರಲ್ಲಿ ತಿಳಿಯುತ್ತೆ. ನಿಮಗೆ ಇವೆರಡೂ ಆಗಿಲ್ಲ ಅಂದರೆ ಕೇಳಿ ಮಾಡಿಸಿ. ಹಲ್ಲು, ಒಸಡು, ಮೂತ್ರದ ಸೋಂಕು ಕೂಡ ನೋಡಿಸಿ. ಎಲ್ಲಾದರೂ ಸೋಂಕು ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋದಿಲ್ಲ. ಈಚೆಗೆ ಯಾವುದಾದರೂ ಅಲರ್ಜಿಗೆ ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದರಿಂದಲೂ ಶುಗರ್ ಏರುತ್ತೆ.

ಇಂಜೆಕ್ಷನ್ ನಿಲ್ಲೋದು ಹೇಗೆ ಅಂತ ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮೇದೋಜೀರಕ ಗ್ರಂಥಿಯ ಜೀವಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಬೊಜ್ಜು ಬಂದ ಬೆಕ್ಕಿನ ಮೈಗೆ ಜಾಸ್ತಿ ಇನ್ಸುಲಿನ್ ಬೇಕು. ದುಡಿದು ದುಡಿದು ಆ ಜೀವಕೋಶಗಳು ಸುಸ್ತಾಗುತ್ತವೆ, ಶುಗರ್ ಏರುತ್ತೆ. ಏರಿದ ಶುಗರ್ ಆ ಜೀವಕೋಶಗಳನ್ನೇ ಇನ್ನಷ್ಟು ಹಾಳು ಮಾಡುತ್ತೆ. ನಾವು ಹೊರಗಿನಿಂದ ಇನ್ಸುಲಿನ್ ಕೊಟ್ಟು ಶುಗರ್ ಇಳಿಸಿದರೆ ಅವಕ್ಕೆ ಉಸಿರಾಡೋಕೆ ಬಿಡುವು ಸಿಗುತ್ತೆ. ಉಳಿದಿರುವ ಜೀವಕೋಶಗಳು ಚೇತರಿಸಿಕೊಂಡರೆ ಮತ್ತೆ ಕೆಲಸ ಶುರು ಮಾಡುತ್ತವೆ. ತಡ ಆದಷ್ಟೂ ಉಳಿಯುವ ಜೀವಕೋಶ ಕಡಿಮೆ. ರೂಂಪ್ ಮತ್ತು ರ್‍ಯಾಂಡ್ ಎಂಬುವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳಿದ್ದವು. ಎಲ್ಲಕ್ಕೂ ಮನೆಯಲ್ಲೇ ಶುಗರ್ ನೋಡಿಕೊಂಡು ಗ್ಲಾರ್ಜಿನ್ ಇನ್ಸುಲಿನ್ ಕೊಟ್ಟಿದ್ದರು. ಅವುಗಳಲ್ಲಿ 64% ಬೆಕ್ಕುಗಳಿಗೆ ಇನ್ಸುಲಿನ್ ನಿಂತಿತು. ಕಾಯಿಲೆ ಗೊತ್ತಾದ 6 ತಿಂಗಳೊಳಗೆ ಈ ಬಿಗಿ ಕ್ರಮ ಶುರು ಮಾಡಿದವುಗಳಲ್ಲಿ 84%, ತಡವಾಗಿ ಶುರು ಮಾಡಿದವುಗಳಲ್ಲಿ 35%. ಅವರೆಲ್ಲ ತುಂಬಾ ಶ್ರದ್ಧೆಯಿಂದ ನೋಡಿಕೊಂಡ ಮನೆಯವರು, ಹಾಗಾಗಿ ಎಲ್ಲ ಕಡೆ ಇಷ್ಟೇ ಬರುತ್ತೆ ಅಂತ ಹೇಳಲಾರೆ. ಆದರೆ ಬೇಗ ಶುರು ಮಾಡಿದರೆ ಎಷ್ಟು ವ್ಯತ್ಯಾಸ ಅಂತ ನೋಡಿ. ನಿಮಗೆ ಬರೀ ಒಂದು ವಾರ ಆಗಿದೆ ಅಂದದ್ದು ಅದಕ್ಕೇ.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಮನೆಯಲ್ಲಿ ಶುಗರ್ ನೋಡದೆ ಇನ್ಸುಲಿನ್ ಕೊಡಬೇಡಿ. ನಾವು ಮೊದಲು ಹಾಗೆ ಕೊಟ್ಟೆವು. ಅದರಿಂದ ಗುಂಡ ನಮ್ಮ ಕೈ ತಪ್ಪಿ ಹೋಗುತ್ತಿದ್ದ.

ಡಾಕ್ಟರು ಗ್ಲಾರ್ಜಿನ್ ಬರೆದುಕೊಟ್ಟರು. 12 ಗಂಟೆಗೊಮ್ಮೆ 1 ಯೂನಿಟ್. ಇದು ಮನುಷ್ಯರಿಗೆ ಕೊಡುವ ಇನ್ಸುಲಿನ್ನೇ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ. ಲ್ಯಾಂಟಸ್ ಇದೆ, ನಮ್ಮ ಬೆಂಗಳೂರಿನ ಬಯೋಕಾನ್‌ನವರ ಬಸಲಾಗ್ ಕೂಡ ಗ್ಲಾರ್ಜಿನ್ನೇ. ಅಂಗಡಿಯವನು ಜೊತೆಗೆ ಸಿರಿಂಜ್ ಕೊಟ್ಟ. ಕೆಂಪು ಕ್ಯಾಪಿನದು. ನಾವು 1ರ ಗೆರೆಯವರೆಗೆ ಎಳೆದು ಚುಚ್ಚಿದೆವು. ಅದೇ ವಾರ ಅನ್ನ, ಡ್ರೈ ಫುಡ್ ಎರಡನ್ನೂ ಒಂದೇ ಸಲ ನಿಲ್ಲಿಸಿದ್ದೆವು. ಮೂರನೇ ದಿನ ಸಂಜೆ ಗುಂಡ ಅಡುಗೆಮನೆ ಬಾಗಿಲಲ್ಲಿ ತೂರಾಡುತ್ತಿದ್ದ. ಕರೆದರೆ ತಿರುಗಿ ನೋಡಲಿಲ್ಲ. ಕಿವಿ, ಮುಖ ಅದುರುತ್ತಿತ್ತು. ಅಮ್ಮನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ನೋಡಿದ ಕೂಡಲೇ "ಲೋ ಆಗಿದೆ ಕಣೋ" ಅಂತ ಜೇನುತುಪ್ಪ ತಂದು ಒಸಡಿಗೆ ಉಜ್ಜಿದರು. ಅಮ್ಮನ ಮೀಟರಿನಲ್ಲಿ ನೋಡಿದರೆ 41. ಜೇನುತುಪ್ಪ ಹಚ್ಚುತ್ತಲೇ ಆಸ್ಪತ್ರೆಗೆ ಓಡಿದೆವು. ಆ ರಾತ್ರಿ ಪೂರ್ತಿ ಗ್ಲುಕೋಸ್ ಡ್ರಿಪ್ ಹಾಕಿದರು.

ತಪ್ಪು ಎಲ್ಲಿ ಅಂತ ಮಾರನೇ ದಿನ ಅಮ್ಮನೇ ಕಂಡುಹಿಡಿದರು. ಅವರ ಇನ್ಸುಲಿನ್ ಬಾಟಲಿಯ ಮೇಲೆ 40 ಅಂತ ಇದೆ, ಗುಂಡನದರ ಮೇಲೆ 100 ಅಂತ ಇದೆ. ಒಂದು ಮಿಲಿಯಲ್ಲಿ ಎಷ್ಟು ಯೂನಿಟ್ ಅನ್ನುವ ಲೆಕ್ಕ ಅದು. ನಮ್ಮಲ್ಲಿ ಎರಡೂ ಥರದ ಇನ್ಸುಲಿನ್ ಮಾರುತ್ತಾರೆ. ಕೆಂಪು ಕ್ಯಾಪಿನ ಸಿರಿಂಜ್ 40ರ ಬಾಟಲಿಗೆ, ಕಿತ್ತಳೆ ಬಣ್ಣದ ಕ್ಯಾಪಿನದು 100ರದಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ 1ರ ಗೆರೆಗೆ ಎರಡೂವರೆ ಯೂನಿಟ್ ಬರುತ್ತೆ. ಅಂದರೆ ಮೂರು ದಿನವೂ ಗುಂಡನಿಗೆ ಎರಡೂವರೆ ಪಟ್ಟು ಡೋಸ್ ಹೋಗಿದೆ. ದಯವಿಟ್ಟು ಈ ಉತ್ತರ ಅರ್ಧಕ್ಕೆ ಬಿಟ್ಟು ಈಗಲೇ ಹೋಗಿ ನಿಮ್ಮ ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ತಾಳೆ ನೋಡಿ ಬನ್ನಿ. ಎರಡೂ ಒಂದೇ ಇರಬೇಕು. ನಾವು ಆಮೇಲೆ 100ರ ಸಿರಿಂಜಿನಲ್ಲೇ 0.3 ಮಿಲಿಯದು, ಅರ್ಧ ಯೂನಿಟ್ ಗೆರೆ ಇರುವಂಥದ್ದು ಹುಡುಕಿ ತರಿಸಿಕೊಂಡೆವು. ಬೆಕ್ಕಿಗೆ ಅರ್ಧ ಯೂನಿಟ್ ಕೂಡ ದೊಡ್ಡ ವ್ಯತ್ಯಾಸ ಮಾಡುತ್ತೆ.

ಶುಗರ್ ನೋಡೋದು ಕಿವಿಯ ಅಂಚಿನಲ್ಲಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿ ಸ್ವಲ್ಪ ಬೆಚ್ಚಗೆ ಮಾಡಿ. ಹಿಂದೆ ಹತ್ತಿ ಇಟ್ಟುಕೊಂಡು, ಅಂಚಿನ ರಕ್ತನಾಳದ ಪಕ್ಕದಲ್ಲಿ ಲ್ಯಾನ್ಸೆಟ್ ಅನ್ನುವ ಸಣ್ಣ ಸೂಜಿಯಿಂದ ಚುಚ್ಚಿ. ಸಾಸಿವೆ ಕಾಳಿನಷ್ಟು ರಕ್ತ ಸಾಕು. ಮೊದಲ ವಾರ ನನ್ನ ಕೈ ನಡುಗಿ ನಾಲ್ಕು ಸ್ಟ್ರಿಪ್ ಹಾಳು ಮಾಡಿದರೆ ಒಂದು ಸರಿ ಬರುತ್ತಿತ್ತು. ಹತ್ತು ದಿನಕ್ಕೆ ಕೈ ಪಳಗಿತು. ಪ್ರತಿ ಸಲ ಆದಮೇಲೆ ಒಂದು ತುಂಡು ಬೇಯಿಸಿದ ಕೋಳಿ ಕೊಡುತ್ತಿದ್ದೆವು. ಮೀಟರಿನ ಡಬ್ಬಿ ಸದ್ದಾದರೆ ಸಾಕು, ಗುಂಡ ತಾನೇ ಬಂದು ಅಮ್ಮನ ತೊಡೆ ಏರುತ್ತಿದ್ದ. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತೆ. ಆದರೂ ದಿನದಿಂದ ದಿನಕ್ಕೆ ಏರಿತಾ ಇಳಿಯಿತಾ ಅಂತ ನೋಡೋಕೆ ಅದು ಸಾಕು. ಯಾವ ಮೀಟರ್ ಅಂತ ಡಾಕ್ಟರಿಗೆ ಹೇಳಿರಿ, ಅಷ್ಟೆ. ಚುಚ್ಚಿಸಿಕೊಳ್ಳೋಕೆ ಬಿಡದ ಬೆಕ್ಕಿಗೆ ಮೈಗೆ ಅಂಟಿಸುವ ಲಿಬ್ರೆ ಸೆನ್ಸರ್ ಕೂಡ ಹಾಕುತ್ತಾರೆ.

ನಮ್ಮ ಡಾಕ್ಟರು ಕೊಟ್ಟ ನಿಯಮ ಇದು. ಪ್ರತಿ ಡೋಸ್‌ಗೂ ಮುಂಚೆ ಶುಗರ್ ನೋಡಬೇಕು. 200ಕ್ಕಿಂತ ಕಡಿಮೆ ಇದ್ದರೆ ಚುಚ್ಚದೆ ಮೊದಲು ಅವರಿಗೆ ಫೋನ್ ಮಾಡಬೇಕು. ಊಟ ಮಾಡದಿದ್ದರೂ ಹಾಗೇ. ವಾರಕ್ಕೊಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಎರಡು ಗಂಟೆಗೊಮ್ಮೆ ನೋಡಿ ಬರೆದಿಡಬೇಕು. ದಿನದಲ್ಲಿ ಶುಗರ್ ಎಲ್ಲಿಗೆ ಇಳಿಯುತ್ತೆ ಅನ್ನೋದನ್ನ ನೋಡಿಯೇ ಡೋಸ್ ಏರಿಸೋದು, ಇಳಿಸೋದು. ಒಂದು ಸಲ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಟ್ರಾಫಿಕ್‌ನಲ್ಲಿ ಒಂದು ಗಂಟೆ. ಅಲ್ಲಿ 318 ಬಂತು. ಅದೇ ದಿನ ಬೆಳಿಗ್ಗೆ ಮನೆಯಲ್ಲಿ 146 ಇತ್ತು. ನಾನು ಬರೆದಿಟ್ಟ ನೋಟ್‌ಬುಕ್ ನೋಡಿ ಡಾಕ್ಟರು ಡೋಸ್ ಏರಿಸಲಿಲ್ಲ. ಆ ನೋಟ್‌ಬುಕ್ ಇಲ್ಲದಿದ್ದರೆ ಡೋಸ್ ಏರುತ್ತಿತ್ತೇನೋ. ಈಗಲೂ ನೆನೆಸಿಕೊಂಡರೆ ಭಯ ಆಗುತ್ತೆ.

ಊಟದ ವಿಷಯಕ್ಕೆ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಹಾಲು ಅನ್ನ ತಿನ್ನದ ಬೆಕ್ಕು ಉಂಟಾ ಅಂತ ಅಮ್ಮ. ಆದರೆ ಬೆಕ್ಕು ಪೂರ್ತಿ ಮಾಂಸಾಹಾರಿ. ಅದಕ್ಕೆ ಅನ್ನದ ಅಗತ್ಯವೇ ಇಲ್ಲ. ಡ್ರೈ ಫುಡ್ಡಿನಲ್ಲೂ ಪಿಷ್ಟ ಜಾಸ್ತಿ. ಪ್ಯಾಕೆಟ್ ಹಿಂದೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಅಂತ ಶೇಕಡಾ ಲೆಕ್ಕ ಇರುತ್ತೆ. ಎಲ್ಲ ಕೂಡಿ 100ರಲ್ಲಿ ಕಳೆದರೆ ಉಳಿಯೋದು ಪಿಷ್ಟ, ಸಕ್ಕರೆ. ಗುಂಡನ ಪ್ಯಾಕೆಟ್ಟಿನಲ್ಲಿ 38 ಉಳಿಯಿತು. ಆಗ ಅಮ್ಮ ಸುಮ್ಮನಾದರು. ಆಮೇಲೆ ಗ್ರೇವಿ ಇಲ್ಲದ, ಮುದ್ದೆ ಥರ ಇರುವ ವೆಟ್ ಫುಡ್ಡಿಗೆ ಬದಲಾಯಿಸಿದೆವು. ಗ್ರೇವಿಯಲ್ಲಿ ಗಟ್ಟಿ ಮಾಡೋಕೆ ಹಿಟ್ಟು ಹಾಕಿರುತ್ತಾರೆ. ಬರೀ ಬೇಯಿಸಿದ ಕೋಳಿ ಮಾತ್ರ ಕೊಟ್ಟು ಸಾಕಬೇಡಿ. ಅದರಲ್ಲಿ ಕ್ಯಾಲ್ಸಿಯಂ, ಬೆಕ್ಕಿಗೆ ಬೇಕೇ ಬೇಕಾದ ಟೌರಿನ್ ಅನ್ನುವ ಪೋಷಕಾಂಶ ಸಾಲದು.

ಇನ್ಸುಲಿನ್ ಶುರು ಮಾಡಿದ ಮೇಲೆ ಊಟ ಬದಲಾಯಿಸುವುದಾದರೆ ನಿಧಾನವಾಗಿ, ಡಾಕ್ಟರಿಗೆ ಹೇಳಿ, ಶುಗರ್ ನೋಡುತ್ತಾ ಬದಲಾಯಿಸಿ. ಪಿಷ್ಟ ಕಡಿಮೆಯಾದರೆ ಶುಗರ್ ತಾನೇ ಇಳಿಯುತ್ತೆ, ಹಳೆಯ ಡೋಸ್ ಆಗ ಜಾಸ್ತಿಯಾಗಿಬಿಡುತ್ತೆ. ನಾವು ಮಾಡಿದ ಎರಡನೇ ತಪ್ಪು ಅದೇ. ತೂಕ ಇಳಿಸಬೇಕು ಅಂತ ಉಪವಾಸ ಮಾತ್ರ ಹಾಕಬೇಡಿ. ದಪ್ಪ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಲಿವರ್‌ಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ. ವಾಂತಿ, ಊಟ ಬಿಡೋದು, ತುಂಬಾ ಮಂಕಾಗೋದು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಅದು ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನ ಕರಗಿಸುವಾಗ ರಕ್ತದಲ್ಲಿ ಸೇರುವ ಆಮ್ಲ) ಏರಿದ ಲಕ್ಷಣ ಇರಬಹುದು.

ಐದನೇ ವಾರದಿಂದ ಬೆಳಗಿನ ಸಂಖ್ಯೆ ಇಳಿಯತೊಡಗಿತು. 260, 210, ಆಮೇಲೆ 170. ಡೋಸ್ ಅರ್ಧ ಯೂನಿಟ್ಟಿಗೆ ಬಂತು. ಹನ್ನೊಂದನೇ ವಾರ ಸಂಜೆ ಡೋಸ್ ಕೊಡುವ ಮುಂಚೆ ನೋಡಿದರೆ 94. ಡಾಕ್ಟರು ಕೊಡಬೇಡಿ ಅಂದರು. ಮಾರನೇ ದಿನ ಬೆಳಿಗ್ಗೆ 102. ಅವತ್ತೂ ಬೇಡ ಅಂದರು. ಇನ್ಸುಲಿನ್ ಇಲ್ಲದೆ ನಾಲ್ಕು ವಾರ ಶುಗರ್ ಸರಿಯಾಗಿದ್ದರೆ ಅದನ್ನ ರೆಮಿಷನ್ ಅಂತಾರೆ. ಆ ನಾಲ್ಕು ವಾರ ನಾನು, ಅಮ್ಮ ಇಬ್ಬರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹಿಂಗಾಲು ಸರಿಹೋಗೋಕೆ ಇನ್ನೂ ಮೂರ್ನಾಲ್ಕು ತಿಂಗಳು ಹಿಡಿಯಿತು. ಗುಂಡ ಮತ್ತೆ ಕಾಂಪೌಂಡ್ ಗೋಡೆ ಹಾರಿದ ದಿನ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಇದನ್ನ ವಾಸಿಯಾಯಿತು ಅಂತ ನಾನು ಹೇಳೋದಿಲ್ಲ. ಕೆಲವು ಬೆಕ್ಕುಗಳಿಗೆ ಮರುಕಳಿಸುತ್ತೆ. ನಾವು ಇವತ್ತಿಗೂ ಹದಿನೈದು ದಿನಕ್ಕೊಮ್ಮೆ ಕಿವಿ ಚುಚ್ಚಿ ನೋಡ್ತೀವಿ. ಮನೆಗೆ ಅನ್ನ ಬೇಯುತ್ತೆ, ಗುಂಡನ ತಟ್ಟೆಗೆ ಬರೋದಿಲ್ಲ. ನಿಮ್ಮ ಬೆಕ್ಕಿಗೆ ಇನ್ಸುಲಿನ್ ನಿಲ್ಲದೇ ಹೋದರೂ ಸೋತ ಹಾಗಲ್ಲ. ದಿನಕ್ಕೆರಡು ಡೋಸ್ ತಗೊಂಡು ವರ್ಷಗಟ್ಟಲೆ ಚೆನ್ನಾಗಿರುವ ಬೆಕ್ಕುಗಳಿವೆ. ದಯಾಮರಣದ ಮಾತು ಆಡುವವರಿಗೆ ಆ ಸೂಜಿ ತೋರಿಸಿ. ಕೂದಲಿನಷ್ಟು ಸಣ್ಣದು. ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಚುಚ್ಚಿದರೆ ಗುಂಡ ತಿನ್ನೋದನ್ನೂ ನಿಲ್ಲಿಸುತ್ತಿರಲಿಲ್ಲ.

ಆಫೀಸಿನ ಬಗ್ಗೆ ಕೇಳಿದಿರಿ. ನಾನು ಬೆಳಿಗ್ಗೆ ಏಳೂವರೆಗೆ ಕೊಟ್ಟು ಹೊರಡುತ್ತಿದ್ದೆ, ಸಂಜೆ ಏಳೂವರೆಗೆ ವಾಪಸ್. ಮೆಟ್ರೋ ತಡವಾಗಿ ಅರ್ಧ ಗಂಟೆ ಹೆಚ್ಚುಕಡಿಮೆ ಆದರೆ ಏನೂ ಆಗೋದಿಲ್ಲ. ಕೊಟ್ಟಿದ್ದೀವೋ ಇಲ್ಲವೋ ಅಂತ ಅನುಮಾನ ಬಂದರೆ ಎರಡನೇ ಸಲ ಕೊಡಬೇಡಿ. ಒಂದು ಡೋಸ್ ತಪ್ಪಿದರೆ ದೊಡ್ಡದಲ್ಲ, ಎರಡು ಸಲ ಹೋದರೆ ಅಪಾಯ. ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿ, ಚುಚ್ಚಿದ ಕೂಡಲೇ ಗೀಟು ಎಳೆಯಿರಿ. ಇನ್ಸುಲಿನ್ ಅದೇ ಫ್ರಿಜ್ಜಿನ ಬಾಗಿಲಲ್ಲಿ ಇರಲಿ, ಫ್ರೀಜರ್‌ನಲ್ಲಿ ಬೇಡ, ಕುಲುಕೋದು ಬೇಡ. ಪಕ್ಕದಲ್ಲೇ ಜೇನುತುಪ್ಪದ ಬಾಟಲಿ. ಊರಿಗೆ ಹೋಗುವಾಗ ಬೋರ್ಡಿಂಗ್‌ನಲ್ಲಿ ಬಿಡೋಕೆ ನನಗೆ ಮನಸ್ಸು ಬರಲಿಲ್ಲ. ಪಕ್ಕದ ಮನೆಯ ಅಕ್ಕ ನರ್ಸ್, ಅವರಿಗೆ ಎರಡು ದಿನ ಮುಂಚೆ ಕರೆದು ತೋರಿಸಿಕೊಟ್ಟಿದ್ದೆ. ನಿಮ್ಮ ಬೀದಿಯಲ್ಲೂ ಇನ್ಸುಲಿನ್ ತಗೊಳ್ಳುವವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನ ಕೇಳಿ ನೋಡಿ. ಸಿರಿಂಜಿನ ಸಂಖ್ಯೆ ತಾಳೆ ಆಯಿತಾ ಅಂತ ಕೆಳಗೆ ಬರೆಯಿರಿ, ನಾನು ರಾತ್ರಿ ನೋಡ್ತೀನಿ.