ಯೂನಿಟ್ ದರ ಕೇಳಿ ಸಹಿ ಹಾಕಬೇಡಿ

ಓದುಗರ ಪತ್ರ: "ಆಸ್ಪತ್ರೆ, ವಸತಿಗೃಹಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸಣ್ಣ ಘಟಕ ನನ್ನದು. ಸಂಬಳ ಬಿಟ್ಟರೆ ಕರೆಂಟು ಬಿಲ್ಲೇ ದೊಡ್ಡ ಖರ್ಚು. ನಾನಿರುವ ಕಡೆ ವಿದ್ಯುತ್ ಕಂಪನಿಯನ್ನು ಗ್ರಾಹಕರೇ ಆರಿಸಿಕೊಳ್ಳಬಹುದು. ಈಗಿನ ಒಪ್ಪಂದ ಮುಗಿಯಲು ನಾಲ್ಕು ತಿಂಗಳಿದೆ. ಒಂದೇ ವಾರದಲ್ಲಿ ಮೂವರು ಏಜೆಂಟರು ಫೋನ್ ಮಾಡಿದರು. ಒಬ್ಬರು ಯೂನಿಟ್ಟಿಗೆ ಶೇ 5ರಷ್ಟು ಕಡಿಮೆ ಮಾಡಿಕೊಡುತ್ತಾರಂತೆ, ಆದರೆ ಸಂಜೆಯೊಳಗೆ ಸಹಿ ಬೇಕಂತೆ. ಬದಲಾಯಿಸಲೇ? ಬದಲಾಯಿಸುವ ದಿನ ಕರೆಂಟು ನಿಂತರೆ ನನ್ನ ಗತಿಯೇನು?"

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಕರೆಂಟು ನಿಲ್ಲುವುದಿಲ್ಲ. ನಿಮ್ಮ ಬಾಗಿಲಿಗೆ ಬರುವ ತಂತಿ, ಬೀದಿಯ ಟ್ರಾನ್ಸ್‌ಫಾರ್ಮರ್ ಎಲ್ಲವೂ ಜಾಲವನ್ನು ನೋಡಿಕೊಳ್ಳುವ ಸಂಸ್ಥೆಗೆ ಸೇರಿದವು. ನೀವು ಬದಲಾಯಿಸುವುದು ನಿಮ್ಮ ಪರವಾಗಿ ವಿದ್ಯುತ್ ಕೊಂಡು ನಿಮಗೆ ಬಿಲ್ಲು ಕಳಿಸುವವರನ್ನು ಮಾತ್ರ. ಹತ್ತು ಹಳ್ಳಗಳ ನೀರು ಕೆರೆಗೆ ಬಂದು ಸೇರಿದ ಮೇಲೆ ಯಾವ ಬಿಂದಿಗೆಯಲ್ಲಿ ಯಾವ ಹಳ್ಳದ ನೀರಿದೆ ಎಂದು ಹೇಳಲಾಗದು. ಜಾಲದಲ್ಲಿ ಹರಿಯುವ ವಿದ್ಯುತ್ತೂ ಹಾಗೆಯೇ. ಫ್ಯೂಸು ಹಾರಿದರೆ, ತಂತಿ ಹರಿದರೆ ಮೊದಲು ಬರುತ್ತಿದ್ದ ಜಾಲದವರೇ ಆಮೇಲೂ ಬರುತ್ತಾರೆ. ಕಂಪನಿ ಬದಲಾದರೆ ಕರೆಂಟಿನ ಗುಣಮಟ್ಟ ಸುಧಾರಿಸುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ.

ಈ ಆಯ್ಕೆಯ ಹಕ್ಕು ಎಲ್ಲರಿಗೂ ಒಟ್ಟಿಗೆ ಸಿಕ್ಕಿದ್ದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರಲ್ಲಿ ಅದು ದೊರೆತದ್ದು 1 ಮೆಗಾವ್ಯಾಟ್‌ಗಿಂತ ಹೆಚ್ಚು ಬೇಡಿಕೆಯಿದ್ದ ದೊಡ್ಡ ಗ್ರಾಹಕರಿಗೆ. 1994ರಲ್ಲಿ ಮಿತಿ 100 ಕಿಲೋವ್ಯಾಟ್‌ಗೆ ಇಳಿಯಿತು. ಸಣ್ಣ ಅಂಗಡಿ, ಮನೆಗಳ ಸರದಿ ಬರುವಾಗ 1998 ಆಗಿತ್ತು. ದೊಡ್ಡ ಕಾರ್ಖಾನೆಯಲ್ಲಿ ಒಪ್ಪಂದ ಓದುವುದಕ್ಕೆಂದೇ ಜನರಿರುತ್ತಾರೆ. ನಿಮ್ಮಲ್ಲಿ ಆ ಕೆಲಸಕ್ಕೂ ನೀವೇ, ರಾತ್ರಿ ಲೆಕ್ಕ ಬರೆಯುವುದಕ್ಕೂ ನೀವೇ. ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಆ ಶೇ 5ರ ಮಾತಿಗೆ ಬರೋಣ. ಅದು ಬಿಲ್ಲಿನ ಒಂದು ಸಾಲಿನ ಮೇಲೆ ಸಿಗುವ ರಿಯಾಯಿತಿಯೇ ಹೊರತು ಬಿಲ್ಲಿನ ಮೊತ್ತದ ಮೇಲಲ್ಲ. ನಿಮ್ಮ ಬಿಲ್ಲನ್ನು ಬಿಡಿಸಿ ನೋಡಿ. ಬಳಸಿದ ಯೂನಿಟ್ಟುಗಳ ಹಣ ಒಂದು ಸಾಲು. ಅದರ ಕೆಳಗೆ ನಿಗದಿತ ಶುಲ್ಕ, ಜಾಲದ ಶುಲ್ಕ, ಗರಿಷ್ಠ ಬೇಡಿಕೆಯ ಶುಲ್ಕ, ತೆರಿಗೆ ಇರುತ್ತವೆ. ಒಟ್ಟು ಮೊತ್ತದಲ್ಲಿ ಯೂನಿಟ್ಟಿನ ಪಾಲು ಶೇ 60 ಎಂದಿಟ್ಟುಕೊಂಡರೆ, ಆ ಶೇ 5 ನಿಮ್ಮ ಕೈಗೆ ಬರುವಾಗ ಶೇ 3 ಆಗಿರುತ್ತದೆ. ಹೊಸ ಕಂಪನಿಯ ನಿಗದಿತ ಶುಲ್ಕ ಹೆಚ್ಚಿದ್ದರೆ ಅದೂ ಉಳಿಯುವುದಿಲ್ಲ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಹಣ ಯಾವ ನಾಣ್ಯದ್ದಾದರೂ ಇರಲಿ. ಮೊದಲ ಕಂಪನಿ ಯೂನಿಟ್ಟಿಗೆ 10, ತಿಂಗಳಿಗೆ ನಿಗದಿತ ಶುಲ್ಕ 4,000 ಎನ್ನುತ್ತದೆ. ಎರಡನೆಯದು ಯೂನಿಟ್ಟಿಗೆ 9.50, ನಿಗದಿತ ಶುಲ್ಕ 10,000. ತಿಂಗಳಿಗೆ 10,000 ಯೂನಿಟ್ ಸುಡುವವರಿಗೆ ಮೊದಲನೆಯದರ ಬಿಲ್ಲು 1,04,000, ಎರಡನೆಯದರದು 1,05,000. "ಅಗ್ಗ"ದ ಕಂಪನಿಯೇ ಇಲ್ಲಿ ದುಬಾರಿ. ಅದೇ 20,000 ಯೂನಿಟ್ ಬಳಸುವವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ: 2,04,000 ಮತ್ತು 2,00,000. ಎರಡೂ ಸಮವಾಗುವುದು 12,000 ಯೂನಿಟ್ಟಿನಲ್ಲಿ. ನಿಮ್ಮ ಘಟಕ ಆ ಗೆರೆಯ ಈಚೆಗಿದೆಯೋ ಆಚೆಗಿದೆಯೋ ಎಂಬುದು ಏಜೆಂಟರಿಗೆ ಗೊತ್ತಿಲ್ಲ. ನಿಮ್ಮ ಹಳೆಯ ಬಿಲ್ಲುಗಳಿಗೆ ಗೊತ್ತು. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳ ಬಳಕೆಗೂ ಹೊಸ ದರಪಟ್ಟಿ ಹಚ್ಚಿ ವರ್ಷದ ಒಟ್ಟು ಮೊತ್ತ ತೆಗೆಯಿರಿ. ಅಂದಾಜು ರೀಡಿಂಗ್ ಎಂದು ಬರೆದಿರುವ ತಿಂಗಳುಗಳಿದ್ದರೆ ಅವನ್ನು ನಂಬದೆ, ಅದರ ಹಿಂದಿನ ಮತ್ತು ಮುಂದಿನ ನಿಜವಾದ ರೀಡಿಂಗ್‌ಗಳ ನಡುವಿನ ವ್ಯತ್ಯಾಸವನ್ನು ಹಿಡಿಯಿರಿ.

ಬಿಲ್ಲಿನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಗರಿಷ್ಠ ಬೇಡಿಕೆಯ ಸಾಲಿಗೆ. ತಿಂಗಳಿಡೀ ನೀವು ಎಷ್ಟು ಬಳಸಿದಿರಿ ಎಂಬುದು ಯೂನಿಟ್ಟು. ಒಂದೇ ಹೊತ್ತಿನಲ್ಲಿ ಅತಿ ಹೆಚ್ಚು ಎಷ್ಟು ಎಳೆದಿರಿ ಎಂಬುದು ಬೇಡಿಕೆ. ಮೀಟರು ಪ್ರತಿ ಹದಿನೈದು ಅಥವಾ ಮೂವತ್ತು ನಿಮಿಷದ ಸರಾಸರಿ ತೆಗೆಯುತ್ತಾ ಹೋಗಿ, ಅದರಲ್ಲಿ ಅತಿ ದೊಡ್ಡದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಬೆಳಗಿನ ಅರ್ಧ ಗಂಟೆಯ ಅವಸರಕ್ಕೆ ಇಡೀ ತಿಂಗಳು ಹಣ ತೆರಬೇಕಾಗುತ್ತದೆ.

ನಮ್ಮ ಪತ್ರಿಕೆಯ ಮುದ್ರಣಾಲಯದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಬೀಗ ತೆಗೆದ ಕೆಲಸಗಾರ ಗೋಡೆಯುದ್ದಕ್ಕೂ ನಡೆಯುತ್ತಾ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲಕ್ಕೆತ್ತುತ್ತಿದ್ದ. ರಾತ್ರಿಯಿಡೀ ಖಾಲಿಯಾಗಿದ್ದ ಕಂಪ್ರೆಸರ್ ಗಾಳಿ ತುಂಬಿಕೊಳ್ಳಲು ಗುಡುಗುತ್ತಿತ್ತು, ಶಾಯಿ ಒಣಗಿಸುವ ಹೀಟರು ಕಾಯುತ್ತಿತ್ತು, ಕಾದ ಕೋಣೆಯನ್ನು ತಂಪು ಮಾಡಲು ಎಸಿ ಏದುಸಿರು ಬಿಡುತ್ತಿತ್ತು, ಎಲ್ಲವೂ ಒಟ್ಟಿಗೆ. ಆಮೇಲೆ ದಿನವಿಡೀ ಅಷ್ಟು ಲೋಡ್ ಮತ್ತೆ ಬರುತ್ತಲೇ ಇರಲಿಲ್ಲ. ನಾವು ಮಾಡಿದ್ದು ಇಷ್ಟೆ: ಸ್ವಿಚ್ಚು ಹಲಗೆಯ ಪಕ್ಕ ಒಂದು ಚೀಟಿ ಅಂಟಿಸಿದೆವು. ಮೊದಲು ಎಸಿ, ಅರ್ಧ ಗಂಟೆಯ ಮೇಲೆ ಕಂಪ್ರೆಸರ್, ಅದು ತುಂಬಿದ ಮೇಲೆ ಹೀಟರು. ಮುಂದಿನ ತಿಂಗಳ ಬಿಲ್ಲಿನಲ್ಲಿ ಆ ಸಾಲು ಇಳಿದದ್ದನ್ನು ನೋಡಿದಾಗ ಆದ ಸಂತೋಷ ನನಗಿನ್ನೂ ನೆನಪಿದೆ. ನಿಮ್ಮಲ್ಲಿ ನೀರು ಕಾಯಿಸುವ ಹೀಟರು, ಒಣಗಿಸುವ ಯಂತ್ರ, ಇಸ್ತ್ರಿ ರೋಲರು ಇವೆ. ಬೆಳಗಿನ ಮೊದಲ ಒಂದು ಗಂಟೆ ಮೀಟರಿನ ಮುಂದೆ ನಿಂತು ನೋಡಿ.

ಪವರ್ ಫ್ಯಾಕ್ಟರನ್ನೂ, ಅಂದರೆ ಜಾಲದಿಂದ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನೂ, ಮರೆಯಬೇಡಿ. ಬೇಡಿಕೆಯನ್ನು ಕೆವಿಎ (ಕೆಲಸಕ್ಕೆ ಬಾರದ ಪಾಲೂ ಸೇರಿದ ಒಟ್ಟು ಎಳೆತ) ಲೆಕ್ಕದಲ್ಲಿ ಹಾಕುವ ಕಡೆ, 48 ಕಿಲೋವ್ಯಾಟ್ ಎಳೆಯುವ ಘಟಕದ ಪವರ್ ಫ್ಯಾಕ್ಟರ್ 0.8 ಇದ್ದರೆ ಬಿಲ್ಲು 60 ಕೆವಿಎಗೆ ಬರುತ್ತದೆ. ಪವರ್ ಫ್ಯಾಕ್ಟರ್ ಏರಿಸುವ ಸಾಧನವಾದ ಕೆಪಾಸಿಟರನ್ನು ಸರಿಯಾಗಿ ಆರಿಸಿ ಹಾಕಿ 0.96ಕ್ಕೆ ತಂದರೆ 50 ಕೆವಿಎ ಸಾಕು. ಈ ಎರಡು ಉಳಿತಾಯಗಳೂ ಯಾವ ಕಂಪನಿಯಲ್ಲಿದ್ದರೂ ನಿಮ್ಮವೇ.

ಸ್ಥಿರ ದರವೋ, ಮಾರುಕಟ್ಟೆಯೊಂದಿಗೆ ಏರಿಳಿಯುವ ದರವೋ? ನಿಮ್ಮಂಥವರಿಗೆ ನನ್ನ ಮತ ಸ್ಥಿರ ದರಕ್ಕೆ. 2021ರ ಫೆಬ್ರುವರಿಯ ಚಳಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಸಗಟು ದರ ಯೂನಿಟ್ಟಿಗೆ 9 ಡಾಲರ್ ಮಿತಿಗೆ ಏರಿ ಹಲವು ದಿನ ಅಲ್ಲೇ ನಿಂತಿತು. ಸಗಟು ದರಕ್ಕೆ ನೇರವಾಗಿ ಕಟ್ಟಿಕೊಂಡಿದ್ದವರಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರ್ ಬಿಲ್ಲು ಬಂತು. ಆಸ್ಪತ್ರೆಯ ಹಾಸುಬಟ್ಟೆಯನ್ನು ದರ ಇಳಿಯಲಿ ಎಂದು ನೀವು ಮೂರು ದಿನ ನೆನೆಹಾಕಲು ಬರುವುದಿಲ್ಲವಲ್ಲ.

ಹಾಗೆಂದು ಸ್ಥಿರ ದರವೆಂಬ ಮಾತೂ ಪೂರ್ತಿ ಭದ್ರವಲ್ಲ. 2021ರ ಕೊನೆಯ ತಿಂಗಳುಗಳಲ್ಲಿ ಬ್ರಿಟನ್ನಿನಲ್ಲಿ ಸಗಟು ದರ ಏರಿ, ಇಪ್ಪತ್ತಕ್ಕೂ ಹೆಚ್ಚು ಪೂರೈಕೆ ಕಂಪನಿಗಳು ಬಾಗಿಲು ಹಾಕಿದವು. ಗ್ರಾಹಕರ ದೀಪ ಆರಲಿಲ್ಲ, ನಿಯಂತ್ರಣ ಸಂಸ್ಥೆ ಅವರನ್ನು ಬೇರೆ ಕಂಪನಿಗಳಿಗೆ ವಹಿಸಿತು. ಆದರೆ ಹಳೆಯ ದರ ಅವರೊಂದಿಗೆ ಹೋಗಲಿಲ್ಲ. ಆದ್ದರಿಂದ ಎಲ್ಲರಿಗಿಂತ ತೀರಾ ಕೆಳಗಿನ ದರ ಹೇಳುವ ಹೊಸ ಕಂಪನಿಯ ಬಳಿ ದೊಡ್ಡ ಮುಂಗಡ ಠೇವಣಿ ಇಡುವ ಮುನ್ನ ಎರಡು ಸಲ ಯೋಚಿಸಿ. ಇನ್ನು "ಸ್ಥಿರ" ಎಂದರೆ ಯಾವುದು ಸ್ಥಿರ ಎಂದು ಬರವಣಿಗೆಯಲ್ಲಿ ಕೇಳಿ. ಕೆಲವು ಒಪ್ಪಂದಗಳಲ್ಲಿ ವಿದ್ಯುತ್ತಿನ ದರ ಮಾತ್ರ ಸ್ಥಿರ, ಜಾಲದ ಶುಲ್ಕ ಏರಿದರೆ ಅದು ನಿಮ್ಮ ತಲೆಗೇ. ಒಪ್ಪಿಕೊಂಡದ್ದಕ್ಕಿಂತ ತೀರಾ ಕಡಿಮೆ ಬಳಸಿದರೆ ದಂಡ ಹಾಕುವ ಷರತ್ತೂ ಇರಬಹುದು. ನಾಳೆ ಚಾವಣಿಯ ಮೇಲೆ ಸೌರಫಲಕ ಹಾಕಿಸುವ ಆಲೋಚನೆಯಿದ್ದರೆ ಆ ಷರತ್ತು ನಿಮ್ಮನ್ನು ಕಚ್ಚುತ್ತದೆ.

ಏಜೆಂಟರ ಮೇಲೆ ನನಗೆ ಕೋಪವಿಲ್ಲ, ಒಳ್ಳೆಯವರು ನಿಜವಾಗಿ ನೆರವಾಗುತ್ತಾರೆ. ಆದರೆ ಅವರ ಸೇವೆ ಉಚಿತವಲ್ಲ. ಬಹಳ ಸಲ ಅವರ ಕಮಿಷನ್ ನಿಮ್ಮ ಯೂನಿಟ್ ದರದೊಳಗೇ ಸೇರಿಕೊಂಡಿರುತ್ತದೆ, ಒಪ್ಪಂದದ ಕೊನೆಯ ದಿನದವರೆಗೂ ನೀವೇ ಕಟ್ಟುತ್ತಿರುತ್ತೀರಿ. "ಯೂನಿಟ್ಟಿಗೆ ನಿಮ್ಮ ಪಾಲು ಎಷ್ಟು?" ಎಂದು ಏಜೆಂಟರನ್ನೇ ನೇರವಾಗಿ ಕೇಳಿ. ಉತ್ತರಿಸಲು ತಡವರಿಸುವವರನ್ನು ಬಿಟ್ಟುಬಿಡಿ. ಸಂಜೆಯೊಳಗೆ ಸಹಿ ಬೇಕೆನ್ನುವವರು ತೋರಿಸುತ್ತಿರುವ ದರ ಮಾರುಕಟ್ಟೆಯಲ್ಲಿ ದಿನದಿನಕ್ಕೆ ಬದಲಾಗುವುದು ನಿಜವೇ ಇರಬಹುದು. ಆದರೂ ಫೋನಿನಲ್ಲಿ "ಹೂಂ" ಎನ್ನಬೇಡಿ, ವ್ಯಾಪಾರಿ ಒಪ್ಪಂದಗಳಲ್ಲಿ ಬಾಯಿಮಾತಿನ ಒಪ್ಪಿಗೆಯೂ ನಿಮ್ಮನ್ನು ಕಟ್ಟಿಹಾಕುವ ಕಡೆಗಳಿವೆ. ಮನೆಯ ಗ್ರಾಹಕರಿಗೆ ಸಿಗುವ ಮನಸ್ಸು ಬದಲಿಸುವ ಅವಧಿ ವ್ಯಾಪಾರಿಗಳಿಗೆ ಎಲ್ಲೆಡೆ ಇರುವುದಿಲ್ಲ.

ಈ ವಾರ ಮಾಡಬೇಕಾದದ್ದು ಒಂದೇ. ಈಗಿನ ಒಪ್ಪಂದದ ಪ್ರತಿ ತೆಗೆದು, ಮುಗಿಯುವ ದಿನಾಂಕ ಮತ್ತು ನೋಟಿಸ್ ಕೊಡಬೇಕಾದ ಅವಧಿ ಎರಡನ್ನೂ ಹುಡುಕಿ. ನಾಲ್ಕು ತಿಂಗಳಿದೆ ಎಂದು ನೀವು ನಿರಾಳವಾಗಿದ್ದೀರಿ. ನೋಟಿಸ್ ತೊಂಬತ್ತು ದಿನ ಮೊದಲೇ ಕೊಡಬೇಕೆಂದಿದ್ದರೆ ನಿಮ್ಮ ಕೈಯಲ್ಲಿರುವುದು ಕೇವಲ ಒಂದು ತಿಂಗಳು. ಅದು ತಪ್ಪಿದರೆ ಒಪ್ಪಂದ ಹೆಚ್ಚಿನ ದರದಲ್ಲಿ ತಾನಾಗಿ ಇನ್ನೊಂದು ವರ್ಷ ಮುಂದುವರಿಯಬಹುದು. ಅವಧಿಗೆ ಮೊದಲೇ ಬಿಟ್ಟರೆ ದಂಡ, ಹಳೆಯ ಬಾಕಿಯಿದ್ದರೆ ಬದಲಾವಣೆಗೆ ತಡೆ ಬರಬಹುದು. ನೋಟಿಸನ್ನು ಬರವಣಿಗೆಯಲ್ಲಿ ಕಳಿಸಿ, ತಲುಪಿದ್ದಕ್ಕೆ ಉತ್ತರ ಪಡೆಯಿರಿ.

ಬದಲಾಯಿಸುವುದೆಂದು ತೀರ್ಮಾನಿಸಿದರೆ, ಹೊಸ ಕಂಪನಿ ಆರಂಭವಾಗುವ ದಿನ ಮೀಟರಿನ ಸಂಖ್ಯೆ ಮತ್ತು ರೀಡಿಂಗ್ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರಿಗೂ ಕಳಿಸಿ. ಹಳೆಯವರ ಕೊನೆಯ ಬಿಲ್ಲು ಮತ್ತು ಹೊಸಬರ ಮೊದಲ ಬಿಲ್ಲು ಅದೇ ಅಂಕಿಯಲ್ಲಿ ಸಂಧಿಸಬೇಕು. ನಡುವೆ ನೂರು ಯೂನಿಟ್ ಎರಡೂ ಕಡೆ ಲೆಕ್ಕಕ್ಕೆ ಬಂದಿದ್ದರೆ ಆ ಫೋಟೋ ಮುಂದಿಡಿ. ಹನ್ನೆರಡು ಬಿಲ್ಲುಗಳ ಪ್ರತಿಯನ್ನೂ ಮೂವರ ದರಪಟ್ಟಿಯನ್ನೂ ನಮಗೆ ಕಳಿಸಿಕೊಟ್ಟರೆ ನಾನೇ ಕುಳಿತು ವರ್ಷದ ಲೆಕ್ಕ ಹಾಕಿ ತಿಳಿಸುತ್ತೇನೆ. ಆದರೆ ನೋಟಿಸಿನ ದಿನಾಂಕ ಹುಡುಕುವುದಕ್ಕೆ ನನ್ನ ಉತ್ತರ ಕಾಯಬೇಡಿ.

– ಸಂಪಾದಕ