ಸಂಪಾದಕರ ಉತ್ತರ: ಮೊದಲು ಮಗಳನ್ನು ನೋಡಿಕೊಳ್ಳಿ

ನಮಸ್ಕಾರ ಅಮ್ಮ,

ಹಾಸನದ ಕಡೆಯಿಂದ ನೀವು ಬರೆದ ಪತ್ರ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೆ ತಿಳಿಯಲೆಂದು ವಿಷಯವನ್ನಷ್ಟೇ ಹೇಳುತ್ತೇನೆ. ನಿಮ್ಮ ಮಗಳದು ಚೊಚ್ಚಲ ಹೆರಿಗೆ. ತವರಿಗೆ ಬರುವುದಿಲ್ಲ, ಬೆಂಗಳೂರಿನಲ್ಲೇ ಆಗಲಿ ಎಂದಿದ್ದಾಳೆ. ಬಾಣಂತನಕ್ಕೆ ನೀವೇ ಅಲ್ಲಿಗೆ ಹೋಗಬೇಕು. ಜೇನು ನೆಕ್ಕಿಸಬೇಡ, ಸಾಂಬ್ರಾಣಿ ಹೊಗೆ ಬೇಡ, ಕಾಡಿಗೆ ಬೇಡ ಎಂದು ಫೋನಿನಲ್ಲೇ ಪಟ್ಟಿ ಕೊಟ್ಟಿದ್ದಾಳೆ. ‘ಮೂವರನ್ನು ಹೆತ್ತು ಸಾಕಿದವಳು ನಾನು. ಇದೆಲ್ಲ ಬೇಡ ಅಂದ್ರೆ ಅಲ್ಲಿ ಹೋಗಿ ಮಾಡೋದಾದ್ರೂ ಏನು?’ ಎಂದು ಕೇಳಿದ್ದೀರಿ.

ಪಟ್ಟಿಯ ವಿಷಯದಲ್ಲಿ ನಿಮ್ಮ ಮಗಳ ಮಾತು ಸರಿ. ಜೇನಿನಲ್ಲಿ ಬೊಟುಲಿಸಂ ಕಾಯಿಲೆ ತರುವ ಸೂಕ್ಷ್ಮಾಣು ಇರಬಹುದು. ನಮ್ಮ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಕೂಸಿನ ಹೊಟ್ಟೆ ತಡೆಯುವುದಿಲ್ಲ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಹೊಗೆ ಎಳೆಯ ಶ್ವಾಸಕೋಶಕ್ಕೆ ಆಗುವುದಿಲ್ಲ. ಕಾಡಿಗೆಯಲ್ಲಿ ಸೀಸ ಇರಬಹುದು. ಮನೆಯಲ್ಲೇ ಮಾಡಿದ್ದಾದರೂ ಕಣ್ಣಿಗೆ ಸೋಂಕು ತಗಲುವ ಭಯ ಇದ್ದೇ ಇದೆ. ನೀವು ಬೆಳೆಸಿದ ಮೂವರೂ ಚೆನ್ನಾಗಿದ್ದಾರೆ, ಸಂತೋಷ. ಅಂದು ಯಾರೂ ಹೇಳಲಿಲ್ಲ, ಇಂದು ಹೇಳುತ್ತಿದ್ದಾರೆ, ಅಷ್ಟೇ.

ಇನ್ನು ನಿಮಗೆ ಕೆಲಸ ಉಳಿದಿಲ್ಲ ಎಂಬ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಬಾಣಂತನ ಅಂದರೆ ಬಾಣಂತಿಯನ್ನು ನೋಡಿಕೊಳ್ಳುವುದು. ಮಗು ಬಂದ ಮೇಲೆ ಮನೆಗೆ ಬರುವವರೆಲ್ಲ ತೊಟ್ಟಿಲ ಕಡೆಗೇ ಹೋಗುತ್ತಾರೆ. ಹೆತ್ತವಳು ಊಟ ಮಾಡಿದಳಾ, ಎರಡು ಗಂಟೆ ನಿದ್ದೆ ಮಾಡಿದಳಾ, ಹೊಲಿಗೆ ನೋಯುತ್ತಿದೆಯಾ ಎಂದು ಕೇಳುವವರು ಕಡಿಮೆ. ಆ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಮಾಡುವವರು ಬೆಂಗಳೂರಿನಲ್ಲಿ ಯಾರಿದ್ದಾರೆ?

ನಿಮ್ಮ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ ಎಲ್ಲ ಇರಲಿ. ಪಥ್ಯದ ಹೆಸರಿನಲ್ಲಿ ನೀರು ಮಾತ್ರ ಕಡಿಮೆ ಮಾಡಬೇಡಿ. ‘ನಂಜಾಗುತ್ತೆ’ ಎಂದು ತರಕಾರಿ, ಬೇಳೆ ನಿಲ್ಲಿಸಬೇಡಿ. ಹಾಲು ಕುಡಿಸುವವಳಿಗೆ ಬಾಯಾರಿಕೆ, ಹಸಿವು ಎರಡೂ ಜಾಸ್ತಿ. ಕಬ್ಬಿಣಾಂಶದ ಮಾತ್ರೆ ಹೆರಿಗೆಯ ನಂತರವೂ 180 ದಿನ ಹೋಗಬೇಕು, ಅದನ್ನು ನೆನಪಿಸುವವರು ನೀವೇ ಆಗಿ.

ಹಾಲಿನ ವಿಷಯದಲ್ಲಿ ನಿಮ್ಮ ಮಾತಿಗೆ ತುಂಬಾ ತೂಕವಿದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಮೊಲೆ ಹಾಲು ಸಿಗಬೇಕು. ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲನ್ನು ಕೆಲವು ಹಿರಿಯರು ಹಿಂಡಿ ಚೆಲ್ಲಿಸುತ್ತಾರೆ. ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಹುಟ್ಟಿದ ಮೇಲೆ ಕೂಸಿನ ತೂಕ ಕೆಲವು ದಿನ ಇಳಿಯುತ್ತದೆ, ಹತ್ತನೇ ಒಂದು ಭಾಗದವರೆಗೂ ಇಳಿಯಬಹುದು. ಸಾಮಾನ್ಯವಾಗಿ ಎರಡು ವಾರದೊಳಗೆ ಮತ್ತೆ ಏರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಯಲ್ಲಿ ಯಾರೋ ಒಬ್ಬರು ‘ಮಗು ಸೊರಗಿದೆ, ನಿನಗೆ ಹಾಲು ಸಾಲ್ತಿಲ್ಲ’ ಅಂದುಬಿಡುತ್ತಾರೆ. ನಿದ್ದೆಗೆಟ್ಟ ಹುಡುಗಿಯ ಧೈರ್ಯ ಅಲ್ಲಿಗೆ ಮುಗಿಯಿತು. ದಯವಿಟ್ಟು ಆ ಮಾತು ನಿಮ್ಮ ಬಾಯಲ್ಲಿ ಬರದಿರಲಿ, ನಿಮ್ಮ ಮುಂದೆ ಬೇರೆಯವರೂ ಆಡದಂತೆ ನೋಡಿಕೊಳ್ಳಿ. ಅನುಮಾನ ಬಂದರೆ ಉಚ್ಚೆ ಲೆಕ್ಕ ಹಾಕಿ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯಬಹುದು. ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ. ಆರು ತಿಂಗಳವರೆಗೆ ಬೇರೆ ಏನೂ ಬೇಡ, ನೀರೂ ಬೇಡ.

ಮಗಳ ಮನಸ್ಸಿನ ಮೇಲೂ ಒಂದು ಕಣ್ಣಿಡಿ. ಮೊದಲ ಕೆಲವು ದಿನ ಸುಮ್ಸುಮ್ನೆ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ಅಳು, ಮಂಕು ಹೋಗದಿದ್ದರೆ ಅದನ್ನು ಸೋಮಾರಿತನ, ಹಟ ಅನ್ನಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಹಿಂದೆ ‘ಬಾಣಂತಿ ಸನ್ನಿ’ ಎಂದು ಹೆದರಿ ಮಂತ್ರ ಹಾಕಿಸುತ್ತಿದ್ದರಲ್ಲ, ಅದಕ್ಕೂ ಔಷಧಿಯಿದೆ. ಇಲ್ಲದ್ದು ಕೇಳಿಸುತ್ತಿದೆ, ಗೊಂದಲದ ಮಾತಾಡುತ್ತಿದ್ದಾಳೆ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ.

ತಾರೀಖು ಹತ್ತಿರ ಬಂದಂತೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದಿದ್ದೀರಿ. ಡಾಕ್ಟರು ಕೊಡುವ ದಿನ ಒಂದು ಅಂದಾಜು ಮಾತ್ರ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು, 40 ವಾರ ದಾಟಿ ಕೆಲವು ದಿನ ಹೋಗುವುದೂ ಉಂಟು. ದಿನಾ ‘ನೋವು ಬಂತಾ?’ ಎಂದು ಕೇಳಬೇಡಿ, ಅವಳಿಗೂ ಅದೇ ಚಿಂತೆ ಇರುತ್ತದೆ. ಆದರೆ ಮಗುವಿನ ಒದೆತ ಕಡಿಮೆಯಾಗಿದೆ ಎಂದು ಅವಳೇ ಹೇಳಿದರೆ ಬೆಳಗಾಗಲಿ ಅನ್ನಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿಸಿ.

ಬೀಗಿತ್ತಿಯವರೂ ಅದೇ ಸಮಯಕ್ಕೆ ಬರುತ್ತಾರಂತೆ, ಎರಡು ಕೋಣೆಯ ಮನೆಯಲ್ಲಿ ಹೇಗೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅವರಿಗೂ ಅದು ಮೊದಲ ಮೊಮ್ಮಗು ಅಲ್ವಾ? ನೀವೇ ಫೋನ್ ಮಾಡಿ. ಮೊದಲ ತಿಂಗಳು ನೀವಿದ್ದು, ಆಮೇಲೆ ಅವರು ಬಂದರೆ ಮಗಳಿಗೆ ಎರಡು ತಿಂಗಳು ಆಸರೆ ಸಿಗುತ್ತದೆ. ಯಾರು ಯಾವಾಗ ಬರಬೇಕು ಎಂಬುದನ್ನು ಮಾತ್ರ ಮಗಳನ್ನು ಕೇಳಿಯೇ ಗೊತ್ತು ಮಾಡಿ.

ನಿಮ್ಮ
ಸಂಪಾದಕ